ಜಾನುವಾರು ರೋಗ ಕಣ್ಗಾವಲು: ಏನು, ಏಕೆ, ಹೇಗೆ?

ಚಿಂಚಲಿ (ರಾಯಬಾಗ ತಾ.): ಮಾಘ ಮಾಸದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಬೆಳಗಾವಿ ಜಿಲ್ಲೆಯ ಚಿಂಚಲಿಯತ್ತ ಚಕ್ಕಡಿಗಳ ಸಾಲು ಹೊರಡುತ್ತದೆ. ಮಾಯಕ್ಕ ದೇವಿಯ ಜಾತ್ರೆಗೆ ಬರುವವರಲ್ಲಿ ನೆರೆಯ ಮಹಾರಾಷ್ಟ್ರದ ಭಕ್ತರ ಸಂಖ್ಯೆಯೂ ದೊಡ್ಡದು. ಭಂಡಾರದ ಹಳದಿಯಲ್ಲಿ ಮಿಂದ ಊರಿನ ಸುತ್ತ ಎತ್ತುಗಳು ಒಂದೇ ಬಯಲಿನಲ್ಲಿ ತಂಗುತ್ತವೆ, ಒಂದೇ ತೊಟ್ಟಿಯ ನೀರು ಕುಡಿಯುತ್ತವೆ. ಜಾತ್ರೆ ಮುಗಿದ ಮೇಲೆ ಎರಡು ರಾಜ್ಯಗಳ ನೂರಾರು ಊರುಗಳಿಗೆ ಮರಳುತ್ತವೆ.

ಇವುಗಳಲ್ಲಿ ಒಂದು ಎತ್ತಿಗೆ ಸೋಂಕು ತಗುಲಿದ್ದು, ಇನ್ನೂ ಜ್ವರ ಕಾಣಿಸಿಕೊಂಡಿಲ್ಲ ಎಂದುಕೊಳ್ಳೋಣ. ಅದು ಯಾವ ಊರಿನಿಂದ ಬಂತು, ಯಾವ ದಾರಿ ಹಿಡಿದು ಹೋಯಿತು, ಮುಂದಿನ ಪ್ರಕರಣ ಎಲ್ಲಿ ಕಾಣಿಸಬಹುದು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಶಾಸ್ತ್ರವೇ ಪಶುರೋಗ ಸೋಂಕುಶಾಸ್ತ್ರ. ಅದರ ಕೈಯಲ್ಲಿರುವ ಮುಖ್ಯ ಸಾಧನವೇ ರೋಗ ಕಣ್ಗಾವಲು.

ಚಿಕಿತ್ಸೆಗೂ ಕಣ್ಗಾವಲಿಗೂ ಏನು ವ್ಯತ್ಯಾಸ?

ಪಶುವೈದ್ಯರು ಎದುರಿಗಿರುವ ಒಂದು ಜಾನುವಾರನ್ನು ನೋಡುತ್ತಾರೆ. ಸೋಂಕುಶಾಸ್ತ್ರಜ್ಞರು ಇಡೀ ಹಿಂಡನ್ನು, ಇಡೀ ತಾಲೂಕನ್ನು ಒಂದು ದೇಹವೆಂಬಂತೆ ನೋಡುತ್ತಾರೆ. ಎಷ್ಟು ದನಗಳಿಗೆ ರೋಗ ಬಂತು, ಯಾವ ವಯಸ್ಸಿನವಕ್ಕೆ, ಯಾವ ಋತುವಿನಲ್ಲಿ, ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಎಂಬ ವಿವರಗಳನ್ನು ಕೂಡಿಸುತ್ತಾರೆ.

ಕಣ್ಗಾವಲಿನಲ್ಲಿ ಎರಡು ಬಗೆಗಳಿವೆ. ರೈತರು ಆಸ್ಪತ್ರೆಗೆ ತಂದಾಗ ದಾಖಲಾಗುವ ಪ್ರಕರಣಗಳನ್ನು ಒಟ್ಟುಗೂಡಿಸುವುದು ಒಂದು. ಇದು ಅಗ್ಗ, ಆದರೆ ಯಾರೂ ಹೇಳದ ರೋಗ ಇಲ್ಲಿ ದಾಖಲಾಗದು. ಆರೋಗ್ಯವಂತವಾಗಿ ಕಾಣುವ ಜಾನುವಾರುಗಳ ರಕ್ತದ ಮಾದರಿಯನ್ನೂ ಸಂಗ್ರಹಿಸಿ ಪರೀಕ್ಷಿಸುವುದು ಇನ್ನೊಂದು. ಇದಕ್ಕೆ ಖರ್ಚು, ಸಿಬ್ಬಂದಿ ಹೆಚ್ಚು ಬೇಕು. ಆದರೆ ಅಡಗಿರುವ ಸೋಂಕು ಹೊರಬೀಳುವುದು ಇದರಿಂದಲೇ.

ಗಡಿ ಸೀಮೆಗೆ ಏಕೆ ಮುಖ್ಯ?

ಕೃಷ್ಣಾ ತೀರದ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ತಾಲೂಕುಗಳು ಕಬ್ಬಿನ ನಾಡು. ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಕಟಾವು ತಂಡಗಳು ಮಹಾರಾಷ್ಟ್ರದ ಬರಪೀಡಿತ ಜಿಲ್ಲೆಗಳಿಂದ ಬರುತ್ತವೆ. ಹಲವು ತಂಡಗಳ ಜೊತೆ ಎತ್ತಿನ ಗಾಡಿಗಳೂ ಇರುತ್ತವೆ. ಇದಲ್ಲದೆ ಕುರಿಗಾರರು ಮೇವು ಅರಸಿ ಹಿಂಡಿನೊಂದಿಗೆ ವರ್ಷದ ಹಲವು ತಿಂಗಳು ಸಂಚರಿಸುತ್ತಾರೆ. ವಾರದ ಸಂತೆಗಳಲ್ಲಿ ಜಾನುವಾರು ಕೈ ಬದಲಾಗುತ್ತವೆ. ರಾಜ್ಯದ ಗಡಿ ನಕಾಶೆಯಲ್ಲಿದೆಯೇ ಹೊರತು ರೋಗಾಣುವಿಗೆ ಅದರ ಅರಿವಿಲ್ಲ.

ಕಾಲುಬಾಯಿ ಜ್ವರವನ್ನೇ ತೆಗೆದುಕೊಳ್ಳಿ. ಸೋಂಕು ತಗುಲಿದ ಜಾನುವಾರು ಬಾಯಿಯಲ್ಲಿ ಹುಣ್ಣು ಕಾಣಿಸುವ ಮೊದಲೇ ವೈರಾಣುವನ್ನು ಹೊರಹಾಕತೊಡಗುತ್ತದೆ. ಮಾಲೀಕ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಪಕ್ಕದ ಗೋದಲಿಗೂ ಅದು ತಲುಪಿರುತ್ತದೆ. 2013ರಲ್ಲಿ ಈ ರೋಗ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಹರಡಿದಾಗ ಸಾವಿರಾರು ಜಾನುವಾರುಗಳು ಸತ್ತು, ಹಾಲನ್ನೇ ನಂಬಿದ ಕುಟುಂಬಗಳು ಕಂಗಾಲಾಗಿದ್ದವು.

'ದೊಡ್ಡ ರೋಗ' ಕಲಿಸಿದ ಪಾಠ

ಕಣ್ಗಾವಲು ಏನು ಸಾಧಿಸಬಲ್ಲದು ಎಂಬುದಕ್ಕೆ ರಿಂಡರ್‌ಪೆಸ್ಟ್ ಅಥವಾ ದೊಡ್ಡ ರೋಗದ ನಿರ್ಮೂಲನೆಯೇ ಸಾಕ್ಷಿ. ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಈ ರೋಗದ ವಿರುದ್ಧ ಭಾರತ ದಶಕಗಳ ಕಾಲ ಲಸಿಕೆ ಹಾಕಿತು. ಆದರೆ ಲಸಿಕೆಯೊಂದರಿಂದಲೇ ರೋಗ ಹೋಯಿತೆಂದು ಹೇಳಲಾಗದು. ಹೋಗಿದೆ ಎಂಬುದನ್ನು ಸಾಬೀತುಪಡಿಸಬೇಕಿತ್ತು. ಅದಕ್ಕಾಗಿ ಸಿಬ್ಬಂದಿ ಹಳ್ಳಿಹಳ್ಳಿಗೂ ತೆರಳಿ ರೋಗಲಕ್ಷಣಗಳ ಬಗ್ಗೆ ವಿಚಾರಿಸಿದರು; ಜಾನುವಾರು ಸಾಗುವ ದಾರಿಗಳನ್ನೂ ಶೋಧಿಸಿದರು; ಯಾದೃಚ್ಛಿಕವಾಗಿ ಆಯ್ದ ಹಳ್ಳಿಗಳಿಂದ ರಕ್ತದ ಮಾದರಿ ಸಂಗ್ರಹಿಸಿದರು.

ದೇಶದಲ್ಲಿ ಕೊನೆಯ ಪ್ರಕರಣ ಕಂಡುಬಂದದ್ದು 1995ರಲ್ಲಿ. 2004ರಲ್ಲಿ ಭಾರತ ರೋಗಮುಕ್ತವೆಂದೂ 2006ರಲ್ಲಿ ಸೋಂಕುಮುಕ್ತವೆಂದೂ ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿಸಿಹೋದ ಎರಡನೆಯ ರೋಗವಿದು.

ಬೆಂಗಳೂರಿನ 'ನಿವೇದಿ'

ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ ಎಂಬುದು ಗಮನಾರ್ಹ. ಪಶುರೋಗ ಕಣ್ಗಾವಲಿನ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆ 1987ರಲ್ಲಿ ಆರಂಭವಾಯಿತು. 2000ದಲ್ಲಿ ಅದು ಯೋಜನಾ ನಿರ್ದೇಶನಾಲಯವಾಯಿತು. 2013ರಲ್ಲಿ ಅದನ್ನು ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ಮಾಹಿತಿ ವಿಜ್ಞಾನ ಸಂಸ್ಥೆಯಾಗಿ ಮೇಲ್ದರ್ಜೆಗೇರಿಸಲಾಯಿತು. ಸಂಕ್ಷಿಪ್ತವಾಗಿ 'ನಿವೇದಿ' ಎಂದು ಕರೆಯಲಾಗುವ ಇದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಧೀನದಲ್ಲಿದ್ದು, ಬೆಂಗಳೂರಿನ ಯಲಹಂಕದಲ್ಲಿದೆ.

ಈ ಸಂಸ್ಥೆ ರೂಪಿಸಿರುವ 'ನಾಡ್ರೆಸ್' ವ್ಯವಸ್ಥೆಯು ಹಿಂದಿನ ವರ್ಷಗಳ ರೋಗ ದಾಖಲೆ, ಮಳೆ, ಉಷ್ಣಾಂಶ, ಜಾನುವಾರು ಸಂಖ್ಯೆ ಮುಂತಾದವನ್ನು ಜೋಡಿಸಿ, ಯಾವ ಜಿಲ್ಲೆಯಲ್ಲಿ ಯಾವ ರೋಗ ಕಾಣಿಸಬಹುದೆಂದು ಎರಡು ತಿಂಗಳು ಮೊದಲೇ ಮುನ್ಸೂಚನೆ ನೀಡುತ್ತದೆ. ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗ, ಕುರಿಗಳ ನೀಲಿ ನಾಲಿಗೆ ರೋಗ ಇತ್ಯಾದಿ ಇದರ ವ್ಯಾಪ್ತಿಯಲ್ಲಿವೆ. ಮಳೆಗಾಲಕ್ಕೆ ಮುನ್ನ ಲಸಿಕೆಯನ್ನು ಎಲ್ಲಿಗೆ ಮೊದಲು ಕಳುಹಿಸಬೇಕೆಂದು ನಿರ್ಧರಿಸಲು ಇದು ನೆರವಾಗುತ್ತದೆ. ಆದರೆ ಮುನ್ಸೂಚನೆಯ ಬಲ ದಾಖಲೆಯ ಬಲವನ್ನೇ ಅವಲಂಬಿಸಿದೆ. ದಾಖಲಾಗದ ರೋಗವನ್ನು ಗಣಕಯಂತ್ರವೂ ಕಾಣಲಾರದು.

ಮುನ್ನೂರರ ಲೆಕ್ಕ

ತಾಲೂಕಿನ ಎಲ್ಲ ದನಗಳ ರಕ್ತ ಪರೀಕ್ಷೆ ಅಸಾಧ್ಯ, ಅಗತ್ಯವೂ ಇಲ್ಲ. ದೊಡ್ಡ ಸಮೂಹವೊಂದರಲ್ಲಿ ಶೇ. 1ರಷ್ಟು ಸೋಂಕಿದ್ದರೆ, ಯಾದೃಚ್ಛಿಕವಾಗಿ ಆಯ್ದ ಸುಮಾರು 300 ಜಾನುವಾರುಗಳ ಪರೀಕ್ಷೆಯಲ್ಲಿ ಕನಿಷ್ಠ ಒಂದಾದರೂ ಸೋಂಕಿತ ಜಾನುವಾರು ಸಿಗುವ ಸಾಧ್ಯತೆ ಶೇ. 95. ಸೋಂಕು ಶೇ. 5ರಷ್ಟಿದ್ದರೆ ಸುಮಾರು 60 ಸಾಕು. ಆದರೆ ಮುನ್ನೂರನ್ನೂ ರಸ್ತೆ ಬದಿಯ ಒಂದೇ ಊರಿನಿಂದ ತಂದರೆ ಲೆಕ್ಕ ತಪ್ಪುತ್ತದೆ. ಸೋಂಕು ಎಲ್ಲೆಡೆ ಸಮವಾಗಿ ಹಂಚಿಕೊಂಡಿರದೆ ಹಿಂಡುಗಳಲ್ಲಿ ಗುಂಪುಗೂಡಿರುತ್ತದೆ. ಹೀಗಾಗಿ ಮೊದಲು ಹಳ್ಳಿಗಳನ್ನು, ಬಳಿಕ ಅಲ್ಲಿನ ಜಾನುವಾರುಗಳನ್ನು ಆಯ್ಕೆ ಮಾಡಲಾಗುತ್ತದೆ.

ಪರೀಕ್ಷೆಯ ಫಲಿತಾಂಶವನ್ನೂ ಎಚ್ಚರದಿಂದ ಓದಬೇಕು. ಸಾವಿರ ದನಗಳಲ್ಲಿ ಹತ್ತಕ್ಕೆ ಮಾತ್ರ ಸೋಂಕಿದ್ದು, ಪರೀಕ್ಷೆಯು ನೂರು ಆರೋಗ್ಯವಂತ ದನಗಳಲ್ಲಿ ಎರಡನ್ನು ತಪ್ಪಾಗಿ ಸೋಂಕಿತವೆಂದು ತೋರಿಸಿದರೆ, ಸುಮಾರು 20 ಸುಳ್ಳು ಪ್ರಕರಣಗಳು ಪಟ್ಟಿ ಸೇರುತ್ತವೆ. ಅಂದರೆ ನಿಜಕ್ಕಿಂತ ಸುಳ್ಳೇ ಇಮ್ಮಡಿ. ಆದ್ದರಿಂದಲೇ ಎರಡನೆಯ, ಖಚಿತ ಪರೀಕ್ಷೆ ಕಡ್ಡಾಯ.

ಲಸಿಕೆಯಿಂದ ಬಂದ ಪ್ರತಿಕಾಯ ಯಾವುದು, ಸೋಂಕಿನಿಂದ ಬಂದದ್ದು ಯಾವುದು ಎಂಬ ಪ್ರಶ್ನೆಯೂ ಇದೆ. ಕಾಲುಬಾಯಿ ಜ್ವರದಲ್ಲಿ ಇದಕ್ಕೆ ಪರಿಹಾರವಿದೆ. ವೈರಾಣು ದೇಹದೊಳಗೆ ವೃದ್ಧಿಯಾಗುವಾಗ ಮಾತ್ರ ಹುಟ್ಟುವ ಕೆಲವು ಪ್ರೋಟೀನುಗಳನ್ನು ಶುದ್ಧೀಕರಿಸಿದ ಲಸಿಕೆಯಿಂದ ತೆಗೆದಿರುತ್ತಾರೆ. ಅವುಗಳ ವಿರುದ್ಧ ಪ್ರತಿಕಾಯ ಕಂಡರೆ ಅದು ಸೋಂಕಿನ ಗುರುತು.

ಚರ್ಮಗಂಟು ರೋಗದ ಪರೀಕ್ಷೆ

1929ರಲ್ಲಿ ಆಫ್ರಿಕಾದ ಇಂದಿನ ಜಾಂಬಿಯಾದಲ್ಲಿ ಮೊದಲು ಗುರುತಿಸಲಾದ ಚರ್ಮಗಂಟು ರೋಗ ಭಾರತಕ್ಕೆ ಕಾಲಿಟ್ಟದ್ದು 2019ರಲ್ಲಿ, ಒಡಿಶಾದಲ್ಲಿ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. 2022ರಲ್ಲಿ ದೇಶದಾದ್ಯಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಇದಕ್ಕೆ ಬಲಿಯಾದವು. ಕರ್ನಾಟಕದಲ್ಲಿ ಬೆಳಗಾವಿ ಸೇರಿದಂತೆ ಉತ್ತರದ ಜಿಲ್ಲೆಗಳೂ ತತ್ತರಿಸಿದವು. ಜಾನುವಾರು ಸಂತೆ, ಜಾತ್ರೆ, ಸಾಗಣೆಗಳ ಮೇಲೆ ನಿರ್ಬಂಧ ಹೇರಲಾಯಿತು. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಬಳಸಲಾಯಿತು. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ರಾಜ್ಯ ಸರಕಾರ ಪ್ರಕಟಿಸಿತು.

ಹೇಳಲು ಹಿಂಜರಿಕೆ ಏಕೆ?

ಕಣ್ಗಾವಲಿನ ನಿಜವಾದ ತೊಡಕು ಇರುವುದು ಇಲ್ಲಿ. 2009ರ ಕೇಂದ್ರ ಕಾಯ್ದೆಯ ಪ್ರಕಾರ ಅಧಿಸೂಚಿತ ಸಾಂಕ್ರಾಮಿಕ ರೋಗದ ಶಂಕೆ ಬಂದರೆ ಮಾಲೀಕ ಅದನ್ನು ತಿಳಿಸಲೇಬೇಕು. ನಿಯಂತ್ರಿತ ಪ್ರದೇಶ ಘೋಷಿಸಿ ಸಂತೆ, ಸಾಗಣೆ ತಡೆಯುವ ಅಧಿಕಾರವೂ ಸರಕಾರಕ್ಕಿದೆ. ಆದರೆ ರೋಗ ತಿಳಿಸಿದರೆ ಸಂತೆ ನಿಲ್ಲುತ್ತದೆ, ಎತ್ತಿಗೆ ಗಿರಾಕಿ ಸಿಗುವುದಿಲ್ಲ, ಹಾಲು ಯಾರೂ ಕೊಳ್ಳುವುದಿಲ್ಲ ಎಂಬ ಭಯ ಸಹಜ. ಸತ್ಯ ಹೇಳಿದವನಿಗೇ ನಷ್ಟವಾಗುವ ವ್ಯವಸ್ಥೆಯಲ್ಲಿ ಸತ್ಯ ತಡವಾಗಿ ಹೊರಬರುತ್ತದೆ. ತ್ವರಿತ ಪರಿಹಾರ ಎಂಬುದು ದಾನವಲ್ಲ, ಕಣ್ಗಾವಲಿನದೇ ಒಂದು ಭಾಗ.

ಇದೀಗ ಜಾನುವಾರಿನ ಕಿವಿಗೆ 12 ಅಂಕಿಗಳ ಓಲೆ ಹಾಕಿ ಲಸಿಕೆಯ ವಿವರವನ್ನು ದಾಖಲಿಸಲಾಗುತ್ತಿದೆ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಕಾಲುಬಾಯಿ ಜ್ವರ ಮತ್ತು ಕಂದು ರೋಗವನ್ನು 2030ರ ವೇಳೆಗೆ ನಿರ್ಮೂಲನೆ ಮಾಡುವ ಗುರಿ ಹೊಂದಿದೆ. ಮಾರಾಟವಾದ ಎತ್ತಿನ ಓಲೆ ಸಂಖ್ಯೆ ಹೊಸ ಮಾಲೀಕನ ಹೆಸರಿಗೆ ವರ್ಗವಾದಾಗ ಮಾತ್ರ ರೋಗದ ಜಾಡು ಹಿಡಿಯಲು ಸಾಧ್ಯ.

ನೆನಪಿಡಬೇಕಾದ ಅಂಶಗಳು

* ಏಕಾಏಕಿ ಜ್ವರ, ಜೊಲ್ಲು, ಕುಂಟು, ಚರ್ಮದ ಮೇಲೆ ಗಂಟು ಕಂಡರೆ ಆ ಜಾನುವಾರನ್ನು ಪ್ರತ್ಯೇಕಿಸಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ತಿಳಿಸಬೇಕು.

* ಹಠಾತ್ತನೆ ಸತ್ತ ಜಾನುವಾರಿನ ಮೂಗು, ಬಾಯಿಯಿಂದ ರಕ್ತ ಸೋರುತ್ತಿದ್ದರೆ ಕಳೇಬರವನ್ನು ಕೊಯ್ಯಬಾರದು. ಅದು ನೆರಡಿ ರೋಗವಿರಬಹುದು. ಅದರ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ, ಮನುಷ್ಯರಿಗೂ ತಗುಲುತ್ತವೆ.

* ಕಂದು ರೋಗ ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಹಾಲನ್ನು ಕಾಯಿಸದೆ ಕುಡಿಯಬಾರದು.

* ಹೊಸದಾಗಿ ಕೊಂಡ ಜಾನುವಾರನ್ನು ಕೂಡಲೇ ಹಿಂಡಿಗೆ ಸೇರಿಸದೆ ಕೆಲ ವಾರ ಬೇರೆ ಕಟ್ಟಬೇಕು.

ಜಾತ್ರೆ ನಿಲ್ಲಿಸುವುದು ಕಣ್ಗಾವಲಿನ ಉದ್ದೇಶವಲ್ಲ. ಮೊದಲ ಪ್ರಕರಣ ಮೊದಲ ದಿನವೇ ತಿಳಿದರೆ ನಿರ್ಬಂಧ ಒಂದೆರಡು ಊರಿಗೆ ಸೀಮಿತವಾಗಬಹುದು. ತಿಳಿಯದೇ ಹೋದರೆ ಇಡೀ ಜಿಲ್ಲೆಯ ಸಂತೆಗಳು ಬಾಗಿಲು ಹಾಕಬೇಕಾಗುತ್ತದೆ. ಮಾಯಕ್ಕನ ಸನ್ನಿಧಿಗೆ ಚಕ್ಕಡಿಗಳು ನಿರಾತಂಕವಾಗಿ ಬಂದು ಹೋಗಬೇಕಾದರೆ, ಗೋದಲಿಯಲ್ಲಿ ಕಂಡ ಮೊದಲ ಗಂಟಿನ ಸುದ್ದಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದೇ ಮೊದಲ ಹೆಜ್ಜೆ.