ಕಂಟದಿಂದ ಉಕ್ಕಿನ ಮೊನೆಗೆ: ಹಳಗನ್ನಡ ಅಕ್ಷರಗಳ ಲೋಹರೂಪ

ಶಿಲಾಶಾಸನ, ತಾಮ್ರಪಟ, ಓಲೆಗರಿಗಳ ಲಿಪಿಯನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿಚಾರ ನಡೆದಿದೆ. ಹಸ್ತಪ್ರತಿಗೂ ಮುದ್ರಿತ ಗ್ರಂಥಕ್ಕೂ ನಡುವೆ ನಿಂತಿರುವ ಲೋಹದ ಅಕ್ಷರವನ್ನು ಕುರಿತು ಅಷ್ಟು ನಡೆದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಲಿಪಿಕಾರ ಚಪಡನು ತನ್ನ ಹೆಸರನ್ನು ಉಳಿಸಿದ್ದಾನೆ. ಓಲೆಗರಿಯ ಲಿಪಿಕಾರರಲ್ಲಿ ಅನೇಕರು ಗ್ರಂಥಾಂತ್ಯದಲ್ಲಿ ತಮ್ಮ ಹೆಸರನ್ನು ಬರೆದಿದ್ದಾರೆ. ಅಚ್ಚುಮೊಳೆಗಾಗಿ ಉಕ್ಕನ್ನು ಕೊರೆದವರು ಹೆಚ್ಚಾಗಿ ಅನಾಮಿಕರು. ಆದರೂ ಪ್ರಾಚೀನ ಕೃತಿಯ ಪಾಠವು ಅಚ್ಚಿನಲ್ಲಿ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಅವರ ಕೈಯಲ್ಲಿತ್ತು.

ಲಿಪಿಕಾರನ ಕಂಟವು ಗರಿಯಲ್ಲಿ ಅಕ್ಷರವನ್ನೇ ಕೊರೆಯುತ್ತದೆ. ಅಚ್ಚಿನ ಕೊರೆತಗಾರನ ರೀತಿ ಇದಕ್ಕೆ ವಿರುದ್ಧವಾದುದು. ಅವನು ಅಕ್ಷರವಲ್ಲದ ಭಾಗವನ್ನು ತೆಗೆದುಹಾಕಬೇಕು. ಮೆದುಗೊಳಿಸಿದ ಉಕ್ಕಿನ ಕಂಬಿಯ ತುದಿಯಲ್ಲಿ ಅಕ್ಷರವನ್ನು ಎಡಬಲ ತಿರುಗಿಸಿ ಗುರುತಿಸಿಕೊಂಡು, ಅದರ ಒಳಬಯಲನ್ನು ಸಣ್ಣ ಉಳಿಯಿಂದ ಕೊರೆಯುತ್ತಿದ್ದರು. ಇಲ್ಲವೆ ಅದೇ ಆಕಾರದ ಮತ್ತೊಂದು ಗಡಸು ಮೊನೆಯನ್ನು ಹೊಡೆದು ತಗ್ಗು ಮಾಡುತ್ತಿದ್ದರು. ಹೊರ ಅಂಚಿಗೆ ಅರ. ನಡುನಡುವೆ ದೀಪದ ಜ್ವಾಲೆಗೆ ಹಿಡಿದು, ಮಸಿ ಕೂರಿಸಿ, ಕಾಗದಕ್ಕೆ ಒತ್ತಿ ನೋಡುವುದು ಕ್ರಮ. ರೂಪ ಒಪ್ಪಿದ ಮೇಲೆ ಉಕ್ಕನ್ನು ಕಾಯಿಸಿ, ತಣಿಸಿ, ಗಡಸುಗೊಳಿಸಿ ತಾಮ್ರದ ತುಂಡಿನ ಮೇಲೆ ಹೊಡೆಯುತ್ತಿದ್ದರು. ಹೊಡೆತಕ್ಕೆ ಉಬ್ಬಿದ ತಾಮ್ರವನ್ನು ಸಮಗೊಳಿಸಿದರೆ ಎರಕದಚ್ಚು ಸಿದ್ಧ. ಅದರಲ್ಲಿ ಸೀಸ, ಆಂಟಿಮನಿ, ತವರಗಳ ಮಿಶ್ರಲೋಹವನ್ನೆರೆದರೆ ಅಚ್ಚುಮೊಳೆ.

ಕನ್ನಡದಲ್ಲಿ ಈ ಕೆಲಸ ಅತಿ ಸೂಕ್ಷ್ಮವಾದುದು. ದ-ಧ, ಬ-ಭಗಳಿಗಿರುವ ಭೇದ ಅಡಿಯ ಒಂದು ಸೀಳು ಮಾತ್ರ. ಠ, ಥಗಳ ಗುರುತು ಒಡಲಿನ ಒಂದು ಚುಕ್ಕೆ. ಕೊರೆತ ಆಳವಾಗದಿದ್ದರೆ ಮಸಿ ತುಂಬಿ ಮಹಾಪ್ರಾಣವು ಅಲ್ಪಪ್ರಾಣವಾಗಿ ಕಾಣುತ್ತದೆ.

1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾದ ಹಾಲ್ಹೆಡರ ಬಂಗಾಳಿ ವ್ಯಾಕರಣಕ್ಕಾಗಿ ಚಾರ್ಲ್ಸ್ ವಿಲ್ಕಿನ್ಸರೊಡನೆ ದುಡಿದ ಪಂಚಾನನ ಕರ್ಮಕಾರನು ಮುಂದೆ ಶ್ರೀರಾಮಪುರದ ಮಿಷನ್ ಮುದ್ರಣಾಲಯಕ್ಕೆ ಬಂದನು. ಅವನ ಅಳಿಯ ಮನೋಹರನು ಆ ವಿದ್ಯೆಯನ್ನು ಮುಂದುವರಿಸಿದನು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಅಲ್ಲಿಯೇ ಮೊಳೆಗಳಿಂದ ಅಚ್ಚಾಯಿತು. ಇದಕ್ಕೆ ಪ್ರತಿಯಾಗಿ, 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಬರೆಯಬಲ್ಲ ಅಕ್ಷರವೆಲ್ಲ ಮೂಡುತ್ತದೆ. ಮೊಳೆಯಚ್ಚಿನಲ್ಲಿ ಕೊರೆದ ಅಕ್ಷರ ಮಾತ್ರ.

ಜೈನಕವಿಗಳ ಪಾಠಕ್ಕೆ ಮರ್ಮವಿರುವುದು ಇಲ್ಲಿಯೇ. ಕೇಶಿರಾಜನು ರೞ, ಕುಳ, ಕ್ಷಳಗಳೆಂದು ವಿಂಗಡಿಸಿ ವಿವೇಚಿಸಿದ್ದಾನೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ನಿತ್ಯವ್ಯವಹಾರದ ಮುದ್ರಣಕ್ಕೆ ೞ, ಱಗಳು ಬೇಕಿರಲಿಲ್ಲ. ಆದರೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲರ ‘ಶಬ್ದಮಣಿದರ್ಪಣ’ (1872) ಮತ್ತು ನಿಘಂಟು (1894) ಆ ಮೊಳೆಗಳಿಲ್ಲದೆ ಹೊರಬರುವಂತಿರಲಿಲ್ಲ. ಅವಿಲ್ಲದ ಮುದ್ರಣಾಲಯದಲ್ಲಿ ಸಂಪಾದಕನು ಎಷ್ಟೇ ಜಾಗರೂಕನಾಗಿದ್ದರೂ ೞ ಳವಾಗುತ್ತದೆ, ಱ ರವಾಗುತ್ತದೆ. ಅರ್ಥಭೇದ ಮರೆಯಾಗುವುದಲ್ಲದೆ ದ್ವಿತೀಯಾಕ್ಷರ ಪ್ರಾಸದ ಪರೀಕ್ಷೆಯೂ ಅಸಾಧ್ಯವಾಗುತ್ತದೆ.

ಆದಕಾರಣ ಹಳೆಯ ಮುದ್ರಿತ ಪ್ರತಿಯನ್ನು ಪಾಠನಿರ್ಣಯಕ್ಕೆ ಬಳಸುವಾಗ, ಆ ಗ್ರಂಥದಲ್ಲಿ ಎಲ್ಲಿಯಾದರೂ ೞ, ಱಗಳು ಅಚ್ಚಾಗಿವೆಯೇ ಎಂದು ಮೊದಲು ನೋಡಬೇಕು. ಒಂದೂ ಇಲ್ಲವಾದರೆ ಅಲ್ಲಿಯ ಳಕಾರವು ಮೂಲಪ್ರತಿಗೆ ಸಾಕ್ಷಿಯಾಗಲಾರದು. ಓಲೆಯನ್ನೇ ಮತ್ತೆ ತೆರೆಯಬೇಕು. ಸೀಸದ ಮೊಳೆ ಬಳಕೆಯಿಂದ ಸರಿದ ಈ ಕಾಲಕ್ಕೂ ಈ ಎಚ್ಚರ ಸಲ್ಲುತ್ತದೆ. ಗಣಕದ ಯೂನಿಕೋಡ್ ಸಂಹಿತೆಯಲ್ಲಿ ೞಕಾರಕ್ಕೆ ಸ್ಥಾನ ದೊರೆತರೂ ‘ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ನಿಗದಿಯಾದ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ತಿದ್ದುಪಡಿಯು ಪರ್ಯಾಯನಾಮವಾಗಿ ಮಾತ್ರ ಸೇರಿದೆ. ಅಚ್ಚು ಯಾವುದಾದರೂ ಆಗಲಿ, ಅದರಲ್ಲಿ ಉಳಿದ ದೋಷ ಪ್ರತಿಯೊಂದು ಎರಕಕ್ಕೂ ಇಳಿಯುತ್ತದೆ.