ಸಣ್ಣ ಡ್ರೋನ್‌ಗಳಲ್ಲಿ ನೆಲದಿಂದ ಎತ್ತರದ ಅಳತೆ: ಅರ್ಜಿದಾರರಿಗೆ ಮಾಹಿತಿ

2021ರ ಡ್ರೋನ್ ನಿಯಮಗಳನ್ವಯ ಹಸಿರು ವಲಯದಲ್ಲಿ 120 ಮೀಟರ್ ಅಥವಾ 400 ಅಡಿ ಎತ್ತರದವರೆಗೆ ಡ್ರೋನ್ ಹಾರಿಸಲು ಪೂರ್ವಾನುಮತಿಯ ಅಗತ್ಯವಿರುವುದಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿ.ಮೀ. ಅಂತರದ ಪ್ರದೇಶದಲ್ಲಿ ಈ ಮಿತಿಯು 60 ಮೀಟರ್ ಅಥವಾ 200 ಅಡಿ ಆಗಿರುತ್ತದೆ. ಇದಕ್ಕೂ ಮೇಲಿನದು ಹಳದಿ ವಲಯವಾಗಿದ್ದು, ಅಲ್ಲಿ ಹಾರಾಟಕ್ಕೆ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದ ಅನುಮತಿ ಕಡ್ಡಾಯ. ನಿಯಮ ಉಲ್ಲಂಘನೆಗೆ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಆದುದರಿಂದ ನಿಯಂತ್ರಕದ ಪರದೆಯಲ್ಲಿ ಕಾಣುವ ಎತ್ತರವು ಎಲ್ಲಿಂದ ಅಳೆದದ್ದು ಎಂಬುದನ್ನು ಅರಿತಿರುವುದು ಅವಶ್ಯಕ.

ಅಳತೆಯ ವಿಧಾನಗಳು

1. ವಾಯುಭಾರ ಮಾಪಕ: ಬಹುತೇಕ ಸಣ್ಣ ಡ್ರೋನ್‌ಗಳು ಇದನ್ನೇ ಅವಲಂಬಿಸಿವೆ. ಸಮುದ್ರಮಟ್ಟದ ಸಮೀಪದಲ್ಲಿ ಸುಮಾರು 8 ಮೀಟರ್ ಮೇಲೇರಿದಾಗ ವಾಯುಭಾರವು 1 ಹೆಕ್ಟೋಪಾಸ್ಕಲ್‌ನಷ್ಟು ಇಳಿಯುತ್ತದೆ. ಮೇಲೇರುವ ಸ್ಥಳವನ್ನು ಸೊನ್ನೆ ಎಂದು ಪರಿಗಣಿಸಿ ಎತ್ತರವನ್ನು ಲೆಕ್ಕ ಹಾಕಲಾಗುತ್ತದೆ. ಕೆಳಗಿನ ನೆಲದ ಏರಿಳಿತವು ಈ ಮಾಪಕಕ್ಕೆ ತಿಳಿಯುವುದಿಲ್ಲ. ಹವಾಮಾನ ಬದಲಾದಲ್ಲಿಯೂ ಅಳತೆಯಲ್ಲಿ ವ್ಯತ್ಯಾಸವಾಗುತ್ತದೆ.

2. ಜಿಪಿಎಸ್: ಇದು ಮೂಲತಃ ಭೂಮಿಯ ಗಣಿತೀಯ ಆಕಾರವನ್ನು ಆಧರಿಸಿ ಎತ್ತರ ನೀಡುತ್ತದೆ. ದಕ್ಷಿಣ ಭಾರತದಲ್ಲಿ ಸರಾಸರಿ ಸಮುದ್ರಮಟ್ಟವು ಆ ಆಕಾರಕ್ಕಿಂತ ಕೆಳಗಿದ್ದು, ಬೆಂಗಳೂರಿನಲ್ಲಿ ಈ ಅಂತರ ಸುಮಾರು 85 ಮೀಟರ್. ಈ ಅಂತರವನ್ನು ಸರಿಹೊಂದಿಸಿದ ನಂತರವೂ ದೊರೆಯುವುದು ಸಮುದ್ರಮಟ್ಟದಿಂದ ಎತ್ತರವೇ ಹೊರತು ನೆಲದಿಂದ ಎತ್ತರವಲ್ಲ.

3. ಕೆಳಮುಖ ಸಂವೇದಕಗಳು: ಶ್ರವಣಾತೀತ ಧ್ವನಿ, ಲೇಸರ್ ಅಥವಾ ರೇಡಾರ್ ತರಂಗವು ಕೆಳಗಿನ ಮೇಲ್ಮೈಗೆ ತಾಗಿ ಮರಳುವುದನ್ನು ಆಧರಿಸಿ ದೂರವನ್ನು ನೇರವಾಗಿ ಅಳೆಯುತ್ತವೆ. ಧ್ವನಿ ಸಂವೇದಕದ ವ್ಯಾಪ್ತಿ ಕೆಲವೇ ಮೀಟರ್‌ಗಳು. ನಿಶ್ಚಲ ನೀರಿನ ಮೇಲೆ ಲೇಸರ್ ಅಳತೆ ತಪ್ಪಬಹುದು. ದಟ್ಟ ಮರಗಳಿರುವಲ್ಲಿ ನೆಲದ ಬದಲು ಮರದ ತುದಿಯಿಂದ ದೂರ ದೊರೆಯಬಹುದು.

ಉದಾಹರಣೆ

ಮಲೆನಾಡಿನ ಒಂದು ಗುಡ್ಡದ ನೆತ್ತಿಯಿಂದ ಡ್ರೋನ್ ಮೇಲೇರಿ, ಪರದೆಯಲ್ಲಿ 100 ಮೀಟರ್ ತೋರಿಸುತ್ತಿದೆ ಎಂದು ಭಾವಿಸೋಣ. ಅದು 60 ಮೀಟರ್ ತಗ್ಗಿನ ಕಣಿವೆಯ ಮೇಲೆ ಸಾಗಿದಾಗ ನೆಲದಿಂದ ವಾಸ್ತವ ಎತ್ತರ 160 ಮೀಟರ್ ಆಗುತ್ತದೆ. ಪರದೆಯ ಅಂಕಿ ಬದಲಾಗದಿದ್ದರೂ ಮಿತಿ ಮೀರಿರುತ್ತದೆ. ಕಣಿವೆಯಿಂದ ಮೇಲೇರಿ ಅದೇ ಗುಡ್ಡದತ್ತ ಸಾಗಿದಲ್ಲಿ ಉಳಿಯುವುದು ಕೇವಲ 40 ಮೀಟರ್. ಅಲ್ಲಿ ಎತ್ತರದ ಮರಗಳಿದ್ದಲ್ಲಿ ಅಪಘಾತ ಸಂಭವಿಸಬಹುದು.

ಪಾಲಿಸಬೇಕಾದ ಕ್ರಮಗಳು

ಅ) ಹಾರಾಟದ ಮಾರ್ಗದ ಅತ್ಯಂತ ತಗ್ಗಿನ ನೆಲವು ಮೇಲೇರುವ ಸ್ಥಳಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು 120 ಅಥವಾ 60 ಮೀಟರ್‌ನಿಂದ ಕಳೆದು ಗರಿಷ್ಠ ಎತ್ತರವನ್ನು ನಿಗದಿಪಡಿಸುವುದು.
ಆ) ಡ್ರೋನ್ ತಾನಾಗಿ ಹಿಂದಿರುಗುವ ಎತ್ತರವನ್ನು, ಅನುಮತಿಸಿದ ಮಿತಿಯೊಳಗೆ, ಮಾರ್ಗದಲ್ಲಿನ ಮರ, ಗೋಪುರ ಹಾಗೂ ದಿಬ್ಬಗಳಿಗಿಂತ ಹೆಚ್ಚಾಗಿರಿಸುವುದು.
ಇ) ಔಷಧ ಸಿಂಪಡಣೆಯಂತಹ ತಗ್ಗು ಹಾರಾಟಕ್ಕೆ ಕೆಳಮುಖ ಸಂವೇದಕವುಳ್ಳ ಡ್ರೋನ್ ಬಳಸುವುದು.
ಈ) ಹಾರಾಟಕ್ಕೆ ಮುನ್ನ ವಾಯುಪ್ರದೇಶ ನಕ್ಷೆಯಲ್ಲಿ ವಲಯವನ್ನು ತಪ್ಪದೇ ಪರಿಶೀಲಿಸುವುದು.