ಮೆಗ್ನೀಸಿಯಂ ತೆಳುಪದರದೊಳಗೆ ಜಲಜನಕ

ಭವಾನಿ ಹೊಳೆಯ ದಂಡೆಯ ಸಿರುಮುಗೈ ರೇಷ್ಮೆ ಸೀರೆಯ ಊರು. ಕನ್ನಡ ಮನೆಮಾತಿನ ದೇವಾಂಗ ನೇಕಾರರಿಗೆ ಅಸಲಿ ಜರಿಯ ರಚನೆ ಗೊತ್ತಿದ್ದದ್ದೇ: ಒಳಗೆ ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿ, ಮೇಲೆ ತೀರ ತೆಳ್ಳಗೆ ಚಿನ್ನ. ತೂಕದ ಹೆಚ್ಚು ಪಾಲು ಬೆಳ್ಳಿಯದು, ಗಾಳಿಗೆ ಎದುರಾಗುವುದು ಚಿನ್ನ. ಜಲಜನಕವನ್ನು ಹೀರುವ ಮೆಗ್ನೀಸಿಯಂ ಪದರವನ್ನೂ ಹೀಗೇ ಕಟ್ಟುತ್ತಾರೆ. ಅಲ್ಲಿ ಮೇಲಿನ ಲೋಹ ಪಲಾಡಿಯಂ.

ಮೆಗ್ನೀಸಿಯಂ ಏಕೆ

ಮೆಗ್ನೀಸಿಯಂ ಜಲಜನಕದೊಡನೆ ಕೂಡಿದಾಗ ಆಗುವ ಹೈಡ್ರೈಡಿನ ತೂಕದಲ್ಲಿ ಶೇ. 7.6 ಭಾಗ ಜಲಜನಕ. ಒಂದು ಘನ ಮೀಟರಿನಲ್ಲಿ ಸುಮಾರು 110 ಕಿಲೋ. ಮೈನಸ್ 253 ಡಿಗ್ರಿಯ ದ್ರವ ಜಲಜನಕದಲ್ಲೂ ಅಷ್ಟೇ ಜಾಗಕ್ಕೆ ಸುಮಾರು 71 ಕಿಲೋ ಮಾತ್ರ. ಮೆಗ್ನೀಸಿಯಂ ಅಪರೂಪದ ಲೋಹವೂ ಅಲ್ಲ. ಅದರ ಅದಿರಾದ ಮ್ಯಾಗ್ನಸೈಟ್ ಸೇಲಂ ಪಕ್ಕದ ಬಿಳಿ ಗುಡ್ಡಗಳಲ್ಲಿದೆ, ಮೈಸೂರು ಸೀಮೆಯಲ್ಲೂ ಇದೆ. ಅದು ಹೆಚ್ಚಾಗಿ ಹೋಗುವುದು ಕುಲುಮೆಯ ಇಟ್ಟಿಗೆಗೆ.

ತೊಡಕು ಶಾಖದ್ದು

ಕೂಡುವಾಗ ಒಂದು ಮೋಲ್ ಜಲಜನಕಕ್ಕೆ ಸುಮಾರು 75 ಕಿಲೋಜೂಲ್ ಶಾಖ ಹೊರಬರುತ್ತದೆ. ಬಿಡಿಸಬೇಕಾದರೆ ಅಷ್ಟನ್ನೂ ಮರಳಿ ಕೊಡಬೇಕು. ಜಲಜನಕ ಉರಿದು ಕೊಡುವ ಶಕ್ತಿಯ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಇದು ಬರುತ್ತದೆ. ವಾಯುಮಂಡಲದ ಒತ್ತಡದಲ್ಲಿ ಅನಿಲ ಹೊರಬರಲು 280 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಸಾಲದ್ದಕ್ಕೆ ಗಾಳಿ ತಾಗಿದ ಮೆಗ್ನೀಸಿಯಂ ಮೈಮೇಲೆ ಆಕ್ಸೈಡ್ ಕಟ್ಟಿಕೊಂಡು ಬಾಗಿಲು ಮುಚ್ಚುತ್ತದೆ.

ಪದರ ಕಟ್ಟುವುದು

ನಿರ್ವಾತ ಕೋಣೆಯಲ್ಲಿ ಲೋಹವನ್ನು ಆವಿ ಮಾಡಿಯೋ, ಆರ್ಗಾನ್ ಅಯಾನುಗಳಿಂದ ಹೊಡೆದೆಬ್ಬಿಸಿಯೋ ಗಾಜಿನ ಮೇಲೆ ಕೂರಿಸುತ್ತಾರೆ. ಇಂಥ ಯಂತ್ರಗಳನ್ನು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ತಯಾರಿಸುತ್ತದೆ. ಕೋಣೆ ತೆರೆಯದೆಯೇ ಮೇಲೆ ಕೆಲವೇ ನ್ಯಾನೋಮೀಟರ್ ಪಲಾಡಿಯಂ ಹಾಕುತ್ತಾರೆ. ಅದು ಆಕ್ಸೈಡ್ ಕಟ್ಟದಂತೆ ಕಾಯುತ್ತದೆ, ಜಲಜನಕದ ಅಣುವನ್ನು ಎರಡು ಪರಮಾಣುಗಳಾಗಿ ಒಡೆದು ಒಳಗೆ ಬಿಡುತ್ತದೆ. ಪಲಾಡಿಯಂ ತನ್ನ ಗಾತ್ರದ ನೂರಾರು ಪಟ್ಟು ಜಲಜನಕ ಹೀರುವುದನ್ನು ಥಾಮಸ್ ಗ್ರಹಾಂ 1866ರಲ್ಲೇ ಕಂಡಿದ್ದರು.

ಹೊಕ್ಕದ್ದನ್ನು ಅಳೆಯುವುದು

ಒಂದು ಚದರ ಸೆಂಟಿಮೀಟರ್ ಅಗಲ, 100 ನ್ಯಾನೋಮೀಟರ್ ದಪ್ಪದ ಪದರ ತುಂಬಿದರೂ ಹಿಡಿಯುವ ಜಲಜನಕ ಒಂದೂವರೆ ಮೈಕ್ರೋಗ್ರಾಮಿಗಿಂತ ಕಡಿಮೆ. ಇದರಿಂದ ಯಾವ ಗಾಡಿಯೂ ಓಡದು. ತೆಳುಪದರ ಉಗ್ರಾಣವಲ್ಲ, ಉಗ್ರಾಣದೊಳಗೆ ನಡೆಯುವುದನ್ನು ತೋರುವ ಕಿಟಕಿ ಎಂಬುದು ನನ್ನ ತಿಳಿವಳಿಕೆ.

ಪದರವನ್ನು ಕಂಪಿಸುವ ಕ್ವಾರ್ಟ್ಜ್ ಹರಳಿನ ಮೇಲೆ ಕೂರಿಸಿದರೆ, ತೂಕ ಏರಿದಂತೆ ಕಂಪನ ತಗ್ಗುತ್ತದೆ. ಆದರೆ ಪದರ ಉಬ್ಬಿದಾಗಿನ ಎಳೆತವೂ ಕಂಪನವನ್ನು ಬದಲಿಸುವುದರಿಂದ ಲೆಕ್ಕ ತಿದ್ದಿಕೊಳ್ಳಬೇಕು. ಎಕ್ಸ್-ಕಿರಣದಲ್ಲಿ ಲೋಹದ ಗೆರೆಗಳು ಮಾಸಿ ಹೈಡ್ರೈಡಿನ ಗೆರೆಗಳು ಮೂಡುತ್ತವೆ. ವಿದ್ಯುತ್ ರೋಧ ಏರುತ್ತದೆ.

ಎಲ್ಲಕ್ಕಿಂತ ಚೆಲುವಾದ ಸಾಕ್ಷಿ ಬೆಳಕಿನದು. ಮೆಗ್ನೀಸಿಯಂ ಕನ್ನಡಿಯಂತೆ ಹೊಳೆಯುವ ಲೋಹ. ಅದರ ಹೈಡ್ರೈಡ್ ಪಾರದರ್ಶಕ. 1996ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೊನಾಲ್ಡ್ ಗ್ರೀಸೆನ್ ತಂಡ ಯಿಟ್ರಿಯಂ, ಲ್ಯಾಂಥನಂ ಪದರಗಳಲ್ಲಿ ಈ ಕನ್ನಡಿ-ಗಾಜಿನ ಮಾರ್ಪಾಟು ತೋರಿಸಿತು. ಮುಂದೆ ಅದೇ ತಂಡ ಒಂದೇ ಗಾಜಿನ ಮೇಲೆ ತುದಿಯಿಂದ ತುದಿಗೆ ಲೋಹಗಳ ಪ್ರಮಾಣ ಬದಲಿಸುತ್ತ ಹೋಗಿ, ಒತ್ತಡ ಏರಿಸುತ್ತ, ಯಾವ ಜಾಗ ಯಾವಾಗ ಬೆಳಕು ಬಿಡುತ್ತದೆಂದು ಕ್ಯಾಮೆರಾದಲ್ಲಿ ಹಿಡಿಯಿತು. ಒಂದೇ ಪ್ರಯೋಗದಲ್ಲಿ ನೂರಾರು ಮಿಶ್ರಲೋಹಗಳ ಪರೀಕ್ಷೆ! ಮೆಗ್ನೀಸಿಯಂ-ನಿಕ್ಕಲ್ ಪದರದಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು: ಅನಿಲ ಬರುವುದು ಮೇಲಿನಿಂದ, ಹೈಡ್ರೈಡ್ ಮೊದಲು ಕಟ್ಟುವುದು ತಳದ ಗಾಜಿನ ಪಕ್ಕದಲ್ಲಿ.

ಉಳಿದ ಸಮಸ್ಯೆಗಳು

ಒತ್ತಡವನ್ನು ಒಮ್ಮೆಲೇ ಏರಿಸಿದರೆ ಪಲಾಡಿಯಂ ಕೆಳಗೇ ಹೈಡ್ರೈಡ್ ಹೆಪ್ಪುಗಟ್ಟಿ, ಹಿಂದೆ ಬರುವ ಪರಮಾಣುಗಳಿಗೆ ಅಡ್ಡವಾಗುತ್ತದೆ. ನಿಧಾನವಾಗಿ ಉಣಿಸಿದ ಪದರ ಹೆಚ್ಚು ತುಂಬುತ್ತದೆ. ಹೈಡ್ರೈಡ್ ಆದಾಗ ಗಾತ್ರ ಶೇ. 30ರಷ್ಟು ಹಿಗ್ಗುವುದರಿಂದ, ಗಾಜಿಗೆ ಅಂಟಿದ ಪದರ ಪಕ್ಕಕ್ಕೆ ಚಾಚಲಾಗದೆ ಸುಕ್ಕುಗಟ್ಟಿ ಏಳುವುದುಂಟು. ಬಿಸಿ ಹೆಚ್ಚಿಸಿದರೆ ಪಲಾಡಿಯಂ ಮೆಗ್ನೀಸಿಯಂನೊಳಗೆ ಬೆರೆತು ಬಾಗಿಲೇ ಕೆಡುತ್ತದೆ. ಅದಕ್ಕಾಗಿ ಎರಡರ ನಡುವೆ ಟೈಟಾನಿಯಂನ ಇನ್ನೊಂದು ತೆಳು ಪದರ ಹಾಕುತ್ತಾರೆ: ಜಲಜನಕ ಅದನ್ನು ದಾಟುತ್ತದೆ, ಪಲಾಡಿಯಂ ಸುಲಭವಾಗಿ ದಾಟದು.